ಗ್ಯಾದರಿಂಗ್ ಖರ್ಚಿನಲ್ಲಿ ಸಿಕ್ಕ ಸಂಗೀತದ ಪೀರಿಯಡ್

ನಮ್ಮ ಪ್ರೌಢಶಾಲೆಯ ಆಯವ್ಯಯ ಪತ್ರಿಕೆಯಲ್ಲಿ ಸಂಗೀತಕ್ಕೆಂದು ಒಂದು ಸಾಲು ಎಂದೂ ಇರಲಿಲ್ಲ. ನಮ್ಮದು ಅನುದಾನಿತ ಕನ್ನಡ ಮಾಧ್ಯಮ ಶಾಲೆ. ಗದಗದಿಂದ ಬಸ್ಸಿನಲ್ಲಿ ಒಂದು ತಾಸಿನ ದಾರಿಯ ಊರು. ಉಳಿದ ಶಿಕ್ಷಕರ ಸಂಬಳದಂತೆ ಸಂಗೀತ ಶಿಕ್ಷಕರ ಸಂಬಳವೂ ಸರ್ಕಾರದಿಂದ ನೇರವಾಗಿ ಅವರ ಖಾತೆಗೆ ಜಮೆಯಾಗುತ್ತಿತ್ತು. ಆಡಳಿತ ಮಂಡಳಿಗೆ ಒಂದು ರೂಪಾಯಿಯ ಹೊರೆ ಇರಲಿಲ್ಲವಾದ್ದರಿಂದ ಆ ವಿಷಯ ಬೇಕೋ ಬೇಡವೋ ಎಂದು ಯಾರೂ ಕೇಳಿದವರಲ್ಲ. ಮಾಸ್ತರರು ನಿವೃತ್ತರಾದ ಮರುತಿಂಗಳೇ ಆ ಪ್ರಶ್ನೆ ಎದ್ದಿತು. ನಾನು ಮಂಡಳಿಯ ಖಜಾಂಚಿ. ಬ್ಯಾಂಕಿನಲ್ಲಿ ದುಡಿದು ಮನೆಯಲ್ಲಿ ಕುಳಿತವನು ಎಂಬ ಒಂದೇ ಅರ್ಹತೆಯ ಮೇಲೆ ಈ ಕೆಲಸ ನನ್ನ ಕೊರಳಿಗೆ ಬಿದ್ದಿದೆ.

ಅನುದಾನಿತ ಶಾಲೆಯಲ್ಲಿ ಹುದ್ದೆ ಖಾಲಿಯಾದರೆ ತುಂಬಿಕೊಳ್ಳುವುದು ಸಂಸ್ಥೆಯ ಕೈಯಲ್ಲಿಲ್ಲ. ಅದಕ್ಕೆ ಆರ್ಥಿಕ ಇಲಾಖೆಯ ಅನುಮತಿ ಬೇಕು. ಅದಕ್ಕೂ ಮೊದಲು ಇಲಾಖೆಯ ಕಚೇರಿಗಳ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಬೇಕು. ವಿದ್ಯಾರ್ಥಿಗಳ ಸಂಖ್ಯೆ, ಮೀಸಲಾತಿಯ ರೋಸ್ಟರ್, ಕಾರ್ಯಭಾರ ಪಟ್ಟಿ, ಹುದ್ದೆ ಮಂಜೂರಾದ ಹಳೆಯ ಆದೇಶದ ದೃಢೀಕೃತ ಪ್ರತಿ, ಎಲ್ಲವನ್ನೂ ಲಗತ್ತಿಸಿ ನಾವು ಅರ್ಜಿ ಕೊಟ್ಟೆವು. ಕಾರ್ಯಭಾರದ ಅಂಕಣದಲ್ಲೇ ಸಂಗೀತ ಸೋಲುತ್ತದೆ. ಎಂಟು, ಒಂಬತ್ತು, ಹತ್ತು, ಒಂದೊಂದು ತರಗತಿಗೆ ಎರಡು ವಿಭಾಗ. ವಿಭಾಗಕ್ಕೆ ವಾರಕ್ಕೊಂದು ಪೀರಿಯಡ್ ಎಂದರೂ ಒಟ್ಟು ಆರು. ಇಷ್ಟಕ್ಕೆ ಪೂರ್ಣಾವಧಿಯ ಹುದ್ದೆ ಯಾಕೆ ಎಂದು ಕೇಳಿದರೆ ಕಾಗದದ ಮೇಲೆ ಉತ್ತರವಿಲ್ಲ. ಮೇಜಿನ ಆಚೆ ಕುಳಿತಿದ್ದ ಗುಮಾಸ್ತರು ಒಳ್ಳೆಯ ಮನುಷ್ಯ. ‘ಸರ್, ಗಣಿತದ ಹುದ್ದೆಗೇ ಅನುಮತಿ ಬರುತ್ತಿಲ್ಲ, ನೀವು ಸಂಗೀತದ ಕಡತ ಹಿಡಿದುಕೊಂಡು ಬಂದಿದ್ದೀರಿ’ ಎಂದು ಚಹಾ ತರಿಸಿಕೊಟ್ಟರು. ಕೊನೆಗೆ ಬಂದದ್ದು ಒಂದು ಹಿಂಬರಹ: ಅನುಮತಿ ದೊರೆತ ನಂತರ ನಿಯಮಾನುಸಾರ ಪರಿಶೀಲಿಸಲಾಗುವುದು. ಅದನ್ನು ಕಡತಕ್ಕೆ ಸೇರಿಸಿ ಬೀರುವಿನಲ್ಲಿಟ್ಟೆ.

ಕಾನೂನಿನಲ್ಲಿ ಎಲ್ಲಾದರೂ ಹಿಡಿತ ಸಿಕ್ಕೀತೇ ಎಂದು ಒಂದಿಷ್ಟು ಹುಡುಕಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ, ಆರರಿಂದ ಎಂಟನೇ ತರಗತಿಯವರೆಗೆ ನೂರಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಗೆ ಕಲಾ ಶಿಕ್ಷಣಕ್ಕೊಬ್ಬ ಅರೆಕಾಲಿಕ ಬೋಧಕರು ಇರಬೇಕು ಎಂದಿದೆ. ಓದಿ ಖುಷಿಯಾಯಿತು. ಆದರೆ ಆ ಮೂರು ತರಗತಿಗಳ ಪೈಕಿ ನಮ್ಮಲ್ಲಿರುವುದು ಎಂಟನೆಯದು ಒಂದೇ, ಅದರಲ್ಲಿ ನೂರು ಮಕ್ಕಳೂ ಇಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪಠ್ಯ, ಸಹಪಠ್ಯ ಎಂಬ ಗೋಡೆಯೇ ಇರಬಾರದು ಎನ್ನುತ್ತದೆ. ಒಳ್ಳೆಯ ಮಾತು. ಅದನ್ನು ತೋರಿಸಿ ಯಾರಿಗೂ ಗೌರವಧನ ಕೊಡಲಾಗುವುದಿಲ್ಲ.

ಅಷ್ಟರಲ್ಲಿ ವೇಳಾಪಟ್ಟಿಯಲ್ಲಿ ಆಗಬೇಕಾದದ್ದು ಆಗಿಹೋಗಿತ್ತು. ಮಾಸ್ತರರ ಪೀರಿಯಡ್ಡುಗಳಲ್ಲಿ ಕೆಲವು ಗಣಿತಕ್ಕೆ, ಕೆಲವು ಇಂಗ್ಲಿಷಿಗೆ ಹಂಚಿಹೋದವು. ಇದನ್ನು ಸಭೆ ಕರೆದು ಯಾರೂ ತೀರ್ಮಾನಿಸಲಿಲ್ಲ. ಖಾಲಿ ಇದೆಯಲ್ಲ ಎಂದು ಒಬ್ಬರು ಹೋದರು, ಅವರನ್ನು ನೋಡಿ ಇನ್ನೊಬ್ಬರು ಹೋದರು. ಅವರನ್ನು ದೂರುವಂತೆಯೂ ಇರಲಿಲ್ಲ. ಎಸ್‌ಎಸ್‌ಎಲ್‌ಸಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಕಣ್ಗಾವಲಿನ ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ ರಾಜ್ಯದ ಫಲಿತಾಂಶ ಶೇ 83.89ರಿಂದ ಶೇ 73.40ಕ್ಕೆ ಇಳಿಯಿತು; ಅದೂ ಕೃಪಾಂಕ ಸೇರಿಸಿದ ಮೇಲೆ. ಆ ವರ್ಷದಿಂದ ನಮ್ಮಂಥ ಊರುಗಳ ಮುಖ್ಯ ಶಿಕ್ಷಕರಿಗೆ ಸರಿಯಾಗಿ ನಿದ್ದೆ ಇಲ್ಲ. ಬೆಳಗ್ಗೆ ವಿಶೇಷ ತರಗತಿ, ಸಂಜೆ ಗುಂಪು ಅಧ್ಯಯನ, ಫಲಿತಾಂಶ ಕಡಿಮೆಯಾದರೆ ಕಾರಣ ಕೇಳಿ ನೋಟಿಸ್. ಈ ಗಡಿಬಿಡಿಯಲ್ಲಿ ಯಾವ ಮುಖ್ಯ ಶಿಕ್ಷಕರು ತಾನಾಗಿ ಖಾಲಿ ಬಿದ್ದ ಪೀರಿಯಡ್ಡನ್ನು ಮುಟ್ಟದೆ ಬಿಟ್ಟಾರು?

ಆದರೂ ಎರಡು ವಿಷಯ ನನಗೆ ಕಸಿವಿಸಿ ಮಾಡಿದವು. ಒಂದು, ಅಂಕಪಟ್ಟಿ. ಕಲಾ ಶಿಕ್ಷಣಕ್ಕೆ ಶ್ರೇಣಿ ತುಂಬುವ ಅಂಕಣ ಅದರಲ್ಲಿ ಇದ್ದೇ ಇದೆ, ಖಾಲಿ ಬಿಡುವಂತಿಲ್ಲ. ವರ್ಷವಿಡೀ ಒಂದು ಸ್ವರವನ್ನೂ ಕಲಿಯದ ಮಕ್ಕಳೆಲ್ಲ ‘ಎ’ ಶ್ರೇಣಿ ಪಡೆದರು. ಲೆಕ್ಕ ನೋಡಿಯೇ ಬದುಕಿದವನಿಗೆ ಮಾಲಿಲ್ಲದ ಬಿಲ್ಲು ನೋಡಿದಂತಾಯಿತು.

ಇನ್ನೊಂದು, ಬೆಳಗಿನ ಪ್ರಾರ್ಥನೆ. ನಾಡಗೀತೆಯನ್ನು ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ, ಎರಡೂವರೆ ನಿಮಿಷದಲ್ಲಿ ಹಾಡಬೇಕು ಎಂದು 2022ರಲ್ಲಿ ಸರ್ಕಾರ ಆದೇಶ ಹೊರಡಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು 2024ರಲ್ಲಿ ಹೈಕೋರ್ಟ್ ವಜಾ ಮಾಡಿತು. ಧಾಟಿ ನಿಗದಿಯಾಯಿತು, ಅವಧಿ ನಿಗದಿಯಾಯಿತು. ಕಲಿಸುವವರು ಯಾರು ಎಂಬುದು ಆಯಾ ಶಾಲೆಯ ಪುಣ್ಯ. ನಮ್ಮಲ್ಲಿ ದೈಹಿಕ ಶಿಕ್ಷಕರು ಮೊಬೈಲಿಗೆ ಸ್ಪೀಕರ್ ಜೋಡಿಸಿ ಧ್ವನಿಮುದ್ರಣ ಹಾಕುತ್ತಿದ್ದರು. ದೊಡ್ಡವರ ಕಂಠಕ್ಕೆ ಹೊಂದಿಸಿದ ಶ್ರುತಿ ಅದು. ಒಂಬತ್ತನೆಯ ತರಗತಿಯ ಹುಡುಗರಿಗೆ ಮೇಲಿನ ಸ್ವರ ಎಟುಕುತ್ತಿರಲಿಲ್ಲ, ಎಂಟನೆಯ ತರಗತಿಯ ಹುಡುಗಿಯರಿಗೆ ಕೆಳಗಿನದು ಸಿಗುತ್ತಿರಲಿಲ್ಲ. ಕೆಲವೇ ವಾರಗಳಲ್ಲಿ ಮಕ್ಕಳು ಬಾಯಿ ಆಡಿಸುವುದನ್ನು ರೂಢಿ ಮಾಡಿಕೊಂಡರು, ಸ್ಪೀಕರ್ ಹಾಡುತ್ತಿತ್ತು. ಇನ್ನೂರು ಚಿಲ್ಲರೆ ಮಕ್ಕಳು ಸಾಲಾಗಿ ನಿಂತು ಒಂದು ಡಬ್ಬಿಯ ಹಾಡನ್ನು ಕೇಳುವುದು ಪ್ರಾರ್ಥನೆಯೇ ಎಂದು ಮುಖ್ಯ ಶಿಕ್ಷಕರನ್ನು ಕೇಳಿದೆ. ‘ನೀವು ದುಡ್ಡು ಹೊಂದಿಸಿ ಸರ್, ನಾನು ಪೀರಿಯಡ್ ಹೊಂದಿಸುತ್ತೇನೆ’ ಎಂದರು. ಅವರು ಅಷ್ಟು ಹೇಳಿದ್ದೇ ದೊಡ್ಡದು.

ಆಯವ್ಯಯದ ಸಭೆಗೆ ನಾನು ತೆಗೆದುಕೊಂಡು ಹೋದ ಪ್ರಸ್ತಾವ ಸಣ್ಣದು. ವಾರಕ್ಕೆ ಎರಡು ದಿನ ಬರುವ ಅರೆಕಾಲಿಕ ಸಂಗೀತ ಶಿಕ್ಷಕರು, ತಿಂಗಳಿಗೆ ಏಳು ಸಾವಿರ, ಹತ್ತು ತಿಂಗಳಿಗೆ ಎಪ್ಪತ್ತು ಸಾವಿರ. ಅದರ ಎದುರು ಇದ್ದದ್ದು ರಸ್ತೆಗೆ ಮುಖ ಮಾಡಿದ ಮಳಿಗೆಗಳ ಬಾಡಿಗೆ, ಮಕ್ಕಳ ಅಲ್ಪಸ್ವಲ್ಪ ಶುಲ್ಕ, ದಾನಿಗಳ ಹಣ. ಅಷ್ಟರಲ್ಲೇ ಗಣಿತದ ಅರೆಕಾಲಿಕ ಶಿಕ್ಷಕಿಯ ಗೌರವಧನ, ಜವಾನರ ಸಂಬಳ, ವಿದ್ಯುತ್ ಬಿಲ್ಲು, ಸೋರುವ ಹಂಚು, ಮಾನ್ಯತೆ ನವೀಕರಣಕ್ಕೆ ಬೇಕಾದ ಕಟ್ಟಡ ಸುರಕ್ಷತೆ ಮತ್ತು ಅಗ್ನಿ ಸುರಕ್ಷತೆಯ ಪ್ರಮಾಣಪತ್ರಗಳ ಖರ್ಚು.

ವಿರೋಧ ಮಾಡಿದವರು ಸಂಗೀತದ ವೈರಿಗಳೇನೂ ಆಗಿರಲಿಲ್ಲ. ಇದು ಗದಗದ ಸೀಮೆ. ಇಲ್ಲಿ ಸಂಗೀತವನ್ನು ಬೈಯುವವರು ಸಿಗುವುದಿಲ್ಲ. ಒಬ್ಬ ಹಿರಿಯ ಸದಸ್ಯರು, ದಿನವೂ ಬೆಳಗ್ಗೆ ರೇಡಿಯೊದಲ್ಲಿ ರಾಗ ಕೇಳದೆ ಸ್ನಾನಕ್ಕೆ ಏಳದವರು, ಹೀಗೆ ವಾದಿಸಿದರು: ‘ಭೀಮಸೇನ ಜೋಶಿಯವರು ಯಾವ ಶಾಲೆಯ ಸಂಗೀತದ ತರಗತಿಯಲ್ಲಿ ಕಲಿತರು? ಮಲ್ಲಿಕಾರ್ಜುನ ಮನ್ಸೂರರು ಯಾವ ಪೀರಿಯಡ್ಡಿನಲ್ಲಿ ಕಲಿತರು? ಕಲಿಯುವವನು ಹೇಗಾದರೂ ಕಲಿಯುತ್ತಾನೆ.’ ಸಭೆ ತಲೆದೂಗಿತು. ನನಗೆ ಈ ವಾದದ ಮೇಲೆ ಹಳೆಯ ಸಿಟ್ಟಿದೆ. ಜೋಶಿಯವರು ಹನ್ನೊಂದರ ವಯಸ್ಸಿನಲ್ಲಿ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಓಡಿಹೋದವರು. ಮನ್ಸೂರರು ಎಳೆಯ ಹುಡುಗನಾಗಿದ್ದಾಗಲೇ ನಾಟಕ ಕಂಪನಿ ಸೇರಿದವರು. ಬಸವರಾಜ ರಾಜಗುರುಗಳು ಪಂಚಾಕ್ಷರಿ ಗವಾಯಿಗಳ ಜೊತೆಯಲ್ಲಿದ್ದು ಕಲಿತವರು. ಊರಿಗೆ ಬಂದು ತಿಂಗಳುಗಟ್ಟಲೆ ಕ್ಯಾಂಪ್ ಹಾಕಿ, ಬಡವರ ಮಗನನ್ನು ಕೈಹಿಡಿದು ಕರೆದೊಯ್ದು ಹಾಡಲು ಹಚ್ಚುತ್ತಿದ್ದ ಆ ಕಂಪನಿಗಳು ಈಗ ಎಲ್ಲಿವೆ? ನಮ್ಮ ಮಗ ಹೀಗೆ ಮನೆಬಿಟ್ಟು ಓಡಿದರೆ ಪೊಲೀಸ್ ಠಾಣೆಗೆ ದೂರು ಕೊಡುವುದಿಲ್ಲವೇ ಎಂದು ಕೇಳಿದೆ. ಅವರು ನಕ್ಕರು, ಒಪ್ಪಲಿಲ್ಲ.

ಇನ್ನೊಬ್ಬರು ಗುಡಿಯ ಭಜನೆಯ ಮಾತೆತ್ತಿದರು. ಸೋಮವಾರ ರಾತ್ರಿ ಮಠದಲ್ಲಿ ಭಜನೆ ನಡೆಯುತ್ತದೆ, ತಾಳ, ದಮ್ಮಡಿ, ಪೇಟಿ (ಹಾರ್ಮೋನಿಯಂ) ಎಲ್ಲವೂ ಇವೆ, ಹುಡುಗರು ಅಲ್ಲಿಗೆ ಹೋಗಲಿ. ಹುಡುಗರು ಹೋಗಬಹುದು. ರಾತ್ರಿ ಹತ್ತು ಗಂಟೆಗೆ ಹದಿನಾಲ್ಕು ವರ್ಷದ ಹುಡುಗಿಯನ್ನು ಯಾರು ಕಳಿಸುತ್ತಾರೆ? ಊರಿನ ಎಲ್ಲ ಓಣಿಯ ಮಕ್ಕಳೂ ಆ ಜಮಖಾನೆಯ ಮೇಲೆ ಸರಿಸಮನಾಗಿ ಕೂರುತ್ತಾರೆಯೇ? ಈ ಎರಡನೆಯ ಪ್ರಶ್ನೆಯನ್ನು ನಾನು ಕೇಳಿದಾಗ ಸಭೆಯಲ್ಲಿ ಯಾರೂ ತಲೆಯೆತ್ತಲಿಲ್ಲ, ಎಲ್ಲರಿಗೂ ಉತ್ತರ ಗೊತ್ತಿತ್ತು. ವಕೀಲರ ಮಗಳಿಗೆ ಮನೆಯಲ್ಲೇ ಪಾಠ ಹೇಳಲು ಹುಬ್ಬಳ್ಳಿಯಿಂದ ಶಿಕ್ಷಕಿ ಬರುತ್ತಾರೆ. ಶಾಲೆ ಸಂಗೀತ ನಿಲ್ಲಿಸಿದರೆ ಆ ಮಗುವಿಗೆ ಏನೂ ಆಗುವುದಿಲ್ಲ. ಹಮಾಲರ ಮಗಳಿಗೆ ಪೇಟಿಯ ಮುಂದೆ ಕೂರುವ ಜಾಗ ಈ ಊರಿನಲ್ಲಿ ಇದ್ದದ್ದು ನಮ್ಮ ಶಾಲೆಯೊಂದೇ. ನನ್ನ ಇಡೀ ವಾದ ಇಷ್ಟೇ ಆಗಿತ್ತು.

ನನ್ನ ಪರವಾಗಿ ಮಾತಾಡಿದ ವೈದ್ಯರೊಬ್ಬರು ಮಾತ್ರ ನನಗೆ ಹೆಚ್ಚು ತೊಂದರೆ ಕೊಟ್ಟರು. ಸಂಗೀತ ಕಲಿತರೆ ಗಣಿತದಲ್ಲಿ ಅಂಕ ಏರುತ್ತದೆ, ಮೊಜಾರ್ಟ್‌ನ ಸಂಗೀತ ಕೇಳಿದರೆ ಬುದ್ಧಿ ಚುರುಕಾಗುತ್ತದೆ ಎಂದು ಸಂಶೋಧನೆಯಾಗಿದೆ, ಇದನ್ನೇ ಮುಂದಿಡಿ ಎಂದರು. ಆ ಸಂಶೋಧನೆಯ ಕಥೆ ನನಗೆ ಗೊತ್ತಿತ್ತು. 1993ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಪುಟ್ಟ ವರದಿ ಅದು. ಪ್ರಯೋಗ ನಡೆದದ್ದು ಕಾಲೇಜು ವಿದ್ಯಾರ್ಥಿಗಳ ಮೇಲೆ. ಆಕೃತಿಗಳನ್ನು ಮನಸ್ಸಿನಲ್ಲೇ ಮಡಚಿ ತಿರುಗಿಸುವ ಬಗೆಯ ಪರೀಕ್ಷೆಯಲ್ಲಿ ಸ್ವಲ್ಪ ಲಾಭ ಕಂಡಿತು, ಅದೂ ಹತ್ತು ಹದಿನೈದು ನಿಮಿಷ ಮಾತ್ರ ಉಳಿಯಿತು. ಅದನ್ನೇ ಹಿಡಿದು 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಜೆಲ್ ಮಿಲ್ಲರ್ ಹುಟ್ಟಿದ ಪ್ರತಿ ಮಗುವಿಗೂ ಸಂಗೀತದ ಮುದ್ರಿಕೆ ಹಂಚಲು ಬಜೆಟ್ಟಿನಲ್ಲಿ ಹಣ ಕೇಳಿದ್ದರು. ಆಮೇಲೆ ಬಂದ ಅಧ್ಯಯನಗಳಲ್ಲಿ ಆ ಲಾಭ ಕರಗುತ್ತಾ ಹೋಯಿತು. ಅಂಕದ ಆಸೆ ತೋರಿಸಿ ಸಂಗೀತವನ್ನು ಒಳಗೆ ತಂದರೆ, ಮುಂದಿನ ಏಪ್ರಿಲ್‌ನಲ್ಲಿ ಗಣಿತದ ಫಲಿತಾಂಶ ಬಿದ್ದಾಗ ಮೊದಲು ಹೊರಬೀಳುವುದೂ ಸಂಗೀತವೇ. ಡಾಕ್ಟರರಿಗೆ ಕೈಮುಗಿದು ಆ ವಾದವನ್ನು ನಡಾವಳಿಯಲ್ಲಿ ಬರೆಸದಂತೆ ನೋಡಿಕೊಂಡೆ.

ಹಣ ಎಲ್ಲಿಂದ ಎಂಬ ಪ್ರಶ್ನೆ ಮಾತ್ರ ಅಲ್ಲೇ ಉಳಿಯಿತು. ಸಭೆಯನ್ನು ಮುಂದಕ್ಕೆ ಹಾಕಿದರು. ನಾನು ಮನೆಯಲ್ಲಿ ಹಿಂದಿನ ವರ್ಷದ ವೋಚರುಗಳನ್ನು ಹರವಿಕೊಂಡು ಕೂತೆ. ಬ್ಯಾಂಕಿನವರಿಗೆ ಇದೊಂದು ಚಟ. ಅಲ್ಲಿ ಸಿಕ್ಕಿತು ಗ್ಯಾದರಿಂಗ್.

ನಮ್ಮ ಕಡೆ ಶಾಲೆಯ ವಾರ್ಷಿಕೋತ್ಸವಕ್ಕೆ ಗ್ಯಾದರಿಂಗ್ ಎನ್ನುವುದೇ ರೂಢಿ. ಹಿಂದೆಲ್ಲ ಮಕ್ಕಳೇ ಬೆಂಚುಗಳನ್ನು ಜೋಡಿಸಿ ವೇದಿಕೆ ಮಾಡುತ್ತಿದ್ದರು, ಮಾಸ್ತರರು ಪೇಟಿ ಹಿಡಿಯುತ್ತಿದ್ದರು. ಮಾಸ್ತರರು ಹೋದ ವರ್ಷದ ವೋಚರುಗಳು ಹೀಗಿದ್ದವು: ಪೆಂಡಾಲು, ಕುರ್ಚಿ. ಮೈಕ್ ಮತ್ತು ಬೆಳಕು. ಹಿನ್ನೆಲೆಗೆ ಎಲ್‌ಇಡಿ ಪರದೆ. ಹುಬ್ಬಳ್ಳಿಯಿಂದ ಬಾಡಿಗೆಗೆ ತಂದ ನೃತ್ಯದ ಪೋಷಾಕು. ಸಿನಿಮಾ ಹಾಡಿಗೆ ಹೆಜ್ಜೆ ಕಲಿಸಲು ಬಂದ ನೃತ್ಯ ನಿರ್ದೇಶಕರಿಗೆ ಹಾಡೊಂದಕ್ಕೆ ಇಷ್ಟು ಎಂದು ಸಂಭಾವನೆ. ಶಾಲು, ಹಾರ, ಸ್ಮರಣಿಕೆ. ಅತಿಥಿಗಳ ಊಟ. ಎಲ್ಲ ಕೂಡಿಸಿದರೆ ತೊಂಬತ್ತೆರಡು ಸಾವಿರ. ಒಂದು ಸಂಜೆಗೆ! ವರ್ಷದ ಸಂಗೀತಕ್ಕೆ ನಾನು ಕೇಳಿದ್ದು ಎಪ್ಪತ್ತು. ಸಂಗೀತ ಶಿಕ್ಷಕರು ಇಲ್ಲದಿದ್ದರಿಂದಲೇ ಹೊರಗಿನಿಂದ ಜನ ಕರೆಸಬೇಕಾಯಿತು, ಆ ಖರ್ಚು ಏರಿತು ಎಂಬುದನ್ನೂ ಯಾರೂ ಗಮನಿಸಿರಲಿಲ್ಲ. ಅದು ‘ಸಾಂಸ್ಕೃತಿಕ’ ಎಂಬ ತಲೆಬರಹದಡಿ ತಣ್ಣಗೆ ಕೂತಿತ್ತು.

ಮುಂದಿನ ಸಭೆಯಲ್ಲಿ ಈ ಪಟ್ಟಿಯನ್ನು ಓದಿದಾಗ ಆದದ್ದು ಜಗಳವೇ. ಗ್ಯಾದರಿಂಗ್ ಮುಟ್ಟುವುದೆಂದರೆ ದಾನಿಗಳಿಗೆ ವೇದಿಕೆಯ ಮೇಲೆ ಹಾಕುವ ಶಾಲನ್ನು ಮುಟ್ಟಿದಂತೆ. ಪಕ್ಕದ ಇಂಗ್ಲಿಷ್ ಮಾಧ್ಯಮ ಶಾಲೆಯವರು ಇನ್ನೂ ದೊಡ್ಡ ಪರದೆ ಹಾಕುತ್ತಾರೆ, ನಮ್ಮದು ಬಡಕಲಾಗಿ ಕಂಡರೆ ದಾಖಲಾತಿ ಇಳಿಯುತ್ತದೆ ಎಂದು ಕಾರ್ಯದರ್ಶಿಗಳು. ಆ ಭಯ ಸುಳ್ಳೆಂದು ನಾನು ಹೇಳಲಾರೆ. ತಂದೆತಾಯಿ ನಿಜವಾಗಿಯೂ ಪರದೆ ನೋಡುತ್ತಾರೆ. ಕೊನೆಗೆ ಅಧ್ಯಕ್ಷರು ಒಂದು ದಾರಿ ಹುಡುಕಿದರು: ಪರದೆ ಬೇಡ, ಪೋಷಾಕಿನ ಬಾಡಿಗೆ ಬೇಡ, ನೃತ್ಯ ನಿರ್ದೇಶಕರು ಬೇಡ, ಪೆಂಡಾಲು, ಶಾಲು, ಊಟ ಇರಲಿ. ನಲವತ್ತೊಂದು ಸಾವಿರ ಉಳಿಯಿತು. ಕಡಿಮೆ ಬಿದ್ದದ್ದಕ್ಕೆ ಹಳೆಯ ವಿದ್ಯಾರ್ಥಿಗಳಿಗೆ ಪತ್ರ. ಆ ಪತ್ರದಲ್ಲಿ ‘ಸರ್ವಾಂಗೀಣ ವಿಕಾಸ’ ಎಂಬ ಪದವನ್ನು ಕಾರ್ಯದರ್ಶಿಗಳು ಸೇರಿಸಿದರು, ನಾನು ಹೊಡೆದುಹಾಕಿದೆ, ಅವರು ಮತ್ತೆ ಸೇರಿಸಿದರು. ಅದು ಹಾಗೆಯೇ ಅಚ್ಚಾಯಿತು. ಹಣ ಬಂತು.

ಮುಖ್ಯ ಶಿಕ್ಷಕರು ಕೊಟ್ಟ ಮಾತಿನಂತೆ ಪೀರಿಯಡ್ ಹೊಂದಿಸಿದರು, ಒಂದು ಷರತ್ತಿನ ಮೇಲೆ: ಹತ್ತನೆಯ ತರಗತಿಗೆ ಡಿಸೆಂಬರ್‌ನಿಂದ ಸಂಗೀತ ಇಲ್ಲ. ನನಗೆ ಇದು ಸರಿ ಕಾಣುವುದಿಲ್ಲ. ತಲೆಯ ಮೇಲೆ ಪರೀಕ್ಷೆ ಹೊತ್ತ ಮಕ್ಕಳಿಗೇ ವಾರಕ್ಕೆ ನಲವತ್ತು ನಿಮಿಷ ಬಾಯಿಬಿಟ್ಟು ಹಾಡುವುದು ಹೆಚ್ಚು ಬೇಕು. ಆದರೆ ನೋಟಿಸಿಗೆ ಉತ್ತರ ಬರೆಯುವವರು ಅವರು, ನಾನಲ್ಲ. ಒಪ್ಪಿದೆ.

ಶಿಕ್ಷಕರನ್ನು ಹುಡುಕುವುದು ಕಷ್ಟವಾಗಲಿಲ್ಲ, ಇದು ಗದಗದ ಪುಣ್ಯ. ಪಂಚಾಕ್ಷರಿ ಗವಾಯಿಗಳು ಕಟ್ಟಿದ, ಅವರ ನಂತರ ಪುಟ್ಟರಾಜ ಗವಾಯಿಗಳು 2010ರಲ್ಲಿ ತೀರಿಕೊಳ್ಳುವವರೆಗೂ ನಡೆಸಿದ ವೀರೇಶ್ವರ ಪುಣ್ಯಾಶ್ರಮ ಅಲ್ಲಿದೆ. ಗುರುಶಿಷ್ಯರಿಬ್ಬರೂ ಅಂಧರು. ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದ ಆ ಜಾಗದಿಂದ ಹೊರಬಂದವರಲ್ಲಿ ಅನೇಕರು ಶಾಲೆಗಳಲ್ಲಿ ಸಂಗೀತ ಶಿಕ್ಷಕರಾಗಿ ಬದುಕು ಕಟ್ಟಿಕೊಂಡರು. ನಮ್ಮ ನಿವೃತ್ತ ಮಾಸ್ತರರೂ ಅಲ್ಲಿಯವರೇ. ಶಾಲೆಗಳಲ್ಲಿ ಸಂಗೀತದ ಹುದ್ದೆ ಒಂದೊಂದಾಗಿ ಆರಿಹೋದರೆ ಕಲಿತು ಬಂದವರು ಎಲ್ಲಿಗೆ ಹೋಗಬೇಕು ಎಂಬ ಮಾತು ನಮ್ಮ ಸಭೆಯಲ್ಲಿ ಬರಲೇ ಇಲ್ಲ. ನನಗೂ ಅದು ಹೊಳೆದದ್ದು, ಇಷ್ಟು ಸಣ್ಣ ಗೌರವಧನದ ಕೆಲಸ ಕೇಳಿಕೊಂಡು ಬಂದವರ ಸಂಖ್ಯೆ ನೋಡಿದಾಗ.

ನಾವು ಆರಿಸಿದವರು ಕಣ್ಣು ಕಾಣದ ಯುವಕರು. ತರಗತಿ ಹೇಗೆ ಹಿಡಿತದಲ್ಲಿಡುತ್ತಾರೆ ಎಂದು ಒಬ್ಬ ಸದಸ್ಯರು ಅನುಮಾನಿಸಿದರು. ಹೊಸ ಮಾಸ್ತರರು ಬಂದ ಮೊದಲ ದಿನ ಮಾಡಿದ ಕೆಲಸ ಪೇಟಿಯ ತಪಾಸಣೆ. ಹಳೆಯ ಮಾಸ್ತರರು ಹೋದ ಮೇಲೆ ನಮ್ಮ ಹಾರ್ಮೋನಿಯಂ ಸಾಮಾನಿನ ಕೋಣೆಯಲ್ಲಿ ಇಲಿಗಳ ಪಾಲಾಗಿತ್ತು. ತಿದಿಯನ್ನು ಒತ್ತಿ ಹಿಡಿದು, ಗಾಳಿ ಎಲ್ಲಿ ಸೋರುತ್ತದೆ ಎಂದು ಅಂಗೈಯಿಂದ ಹುಡುಕಿದರು. ಆಮೇಲೆ ಒಂದೊಂದೇ ಮನೆಯನ್ನು, ಅಂದರೆ ಕೀಲಿಯನ್ನು, ಒತ್ತಿ ಉದ್ದಕ್ಕೆ ನುಡಿಸಿ ಕೇಳಿದರು. ‘ನಡುವಿನ ಸಪ್ತಕದ ಗಾಂಧಾರ ಇಳಿದಿದೆ ಸರ್. ರೀಡಿನ ತುದಿಯನ್ನು ಸ್ವಲ್ಪ ಹೆರೆದರೆ ಏರುತ್ತದೆ. ತೀರ ಹೆರೆದರೆ ರೀಡು ಹೋಯಿತು, ತಿಳಿದವರ ಕೈಗೇ ಕೊಡಿ’ ಎಂದರು. ಹುಬ್ಬಳ್ಳಿಯಲ್ಲಿ ದುರಸ್ತಿಗೆ ಮೂರು ಸಾವಿರ ಹಿಡಿಯಿತು. ಹೊಸ ಕಂಪ್ಯೂಟರಿನ ಬೆಲೆಯ ಮುಂದೆ ಅದೇನು ಲೆಕ್ಕ! ಸಂಗೀತ ದುಬಾರಿ ಎನ್ನುವವರು ಒಂದು ಶಾಲೆಗೆ ಏನೇನು ಬೇಕು ಎಂದು ಕೂತು ಬರೆದು ನೋಡಬೇಕು: ಒಂದು ಪೇಟಿ, ಒಂದು ಜೋಡಿ ತಬಲಾ, ಒಂದು ಜಮಖಾನೆ. ಖರ್ಚೆಂದರೆ ಮನುಷ್ಯ.

ಅವರ ತರಗತಿಯಲ್ಲಿ ಹಿಂದಿನ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದೆ. ಒಂಬತ್ತನೆಯ ತರಗತಿ. ಪೇಟಿಯಲ್ಲಿ ಷಡ್ಜ ಹಿಡಿದು ಎಲ್ಲರಿಗೂ ‘ಸಾ’ ಹೇಳಿಸಿದರು. ಒಂದು ಮನೆ ಮೇಲೆ ಹೋದರು, ಎರಡು ಮನೆ ಕೆಳಗೆ ಬಂದರು, ತರಗತಿಯ ದನಿ ಯಾವುದರಲ್ಲಿ ತುಂಬಿಕೊಳ್ಳುತ್ತದೆಯೋ ಅಲ್ಲಿ ನಿಂತರು. ನಂತರ ಸರಿಗ, ರಿಗಮ, ಗಮಪ. ಎರಡು ಸುತ್ತಿನ ಮೇಲೆ ಪೇಟಿ ನಿಲ್ಲಿಸಿ, ‘ಹುಡುಗಿಯರು ಮಾತ್ರ ಹಾಡುತ್ತಿದ್ದಾರೆ. ಗಂಡುಮಕ್ಕಳು ಊಟ ಮಾಡಿಲ್ಲವೇನು?’ ಎಂದರು. ಹುಡುಗರು ತಲೆ ತಗ್ಗಿಸಿದರು. ಆ ವಯಸ್ಸಿನಲ್ಲಿ ದನಿ ಒಡೆಯುತ್ತದೆ. ಬಾಯಿಬಿಟ್ಟರೆ ಒಂದು ಸ್ವರ ದಪ್ಪ, ಒಂದು ಕೀರಲು, ಪಕ್ಕದವನು ನಗುತ್ತಾನೆ. ಮಾಸ್ತರರಿಗೆ ಅದು ಮೊದಲೇ ತಿಳಿದಿತ್ತು. ದನಿ ಒಡೆದವರೆಲ್ಲ ಬಲಗಡೆ ಬನ್ನಿ ಎಂದು ಕರೆದು, ತೊಡೆಯ ಮೇಲೆ ದಾದ್ರಾ ತಾಳದ ಆರು ಮಾತ್ರೆ ತಟ್ಟಿಸಿದರು: ಧಾ ಧಿ ನಾ, ಧಾ ತೂ ನಾ. ತಾಳ ಕೂತ ಮೇಲೆ, ಹುಡುಗಿಯರಿಗೊಂದು ಸಾಲು ಹಾಡಿಸಿ, ಅದೇ ಸಾಲನ್ನು ಕೆಳಗಿನ ಪಂಚಮದ ಹತ್ತಿರದಲ್ಲಿ ಹುಡುಗರಿಂದ ಸಣ್ಣಗೆ ಹೇಳಿಸಿದರು. ನಗುವವನೂ ತಾಳದ ಲೆಕ್ಕದಲ್ಲಿ ಸಿಕ್ಕಿಬಿದ್ದಿದ್ದ. ತರಗತಿ ಹಿಡಿತದಲ್ಲಿರುತ್ತದೆಯೇ ಎಂದು ಕೇಳಿದ ಸದಸ್ಯರನ್ನು ಅಲ್ಲಿ ಕೂರಿಸಬೇಕಿತ್ತು.

ಈಗ ಪ್ರಾರ್ಥನೆಗೆ ಸ್ಪೀಕರ್ ಇಲ್ಲ. ಮಾಸ್ತರರು ಬಾರದ ದಿನಗಳಲ್ಲಿ ಒಂಬತ್ತನೆಯ ತರಗತಿಯ ಇಬ್ಬರು ಹುಡುಗಿಯರು ಷಡ್ಜ ಒತ್ತಿ ಶ್ರುತಿ ಕೊಡುತ್ತಾರೆ. ನಾಡಗೀತೆ ಎರಡೂವರೆ ನಿಮಿಷಕ್ಕೆ ಮುಗಿಯುತ್ತದೆಯೇ ಎಂದು ನಾನು ಗಡಿಯಾರ ನೋಡಿಲ್ಲ. ಸ್ವಲ್ಪ ಹೆಚ್ಚೇ ಹಿಡಿಯುತ್ತದೆ ಎಂದು ಕಾಣುತ್ತದೆ. ಗ್ಯಾದರಿಂಗ್ ಪರದೆಯಿಲ್ಲದೆ ನಡೆಯಿತು. ಮಕ್ಕಳು ಭೂಪ್ ರಾಗದಲ್ಲಿ ಒಂದು ಪ್ರಾರ್ಥನೆ, ಎರಡು ವಚನ, ಒಂದು ಜಾನಪದ ಹಾಡು ಹಾಡಿದರು. ಕೆಲವು ತಂದೆತಾಯಿ ಈ ಸಲ ಡ್ಯಾನ್ಸ್ ಯಾಕಿಲ್ಲ ಎಂದು ಮುಖ ಸಣ್ಣ ಮಾಡಿಕೊಂಡು ಹೋದದ್ದೂ ಉಂಟು. ಭೀಮಸೇನ ಜೋಶಿಯವರ ವಾದ ಹೂಡಿದ್ದ ಹಿರಿಯರು ಮಾತ್ರ ಮುಂದಿನ ಸಾಲಿನಲ್ಲಿ ಕೂತು ಕೊನೆಯವರೆಗೂ ಕೇಳಿದರು. ಅಭಿಪ್ರಾಯ ಬದಲಾಯಿತೇ ಎಂದು ಕೇಳಿದೆ. ‘ಹಾಡು ಚೆನ್ನಾಗಿತ್ತು, ಲೆಕ್ಕ ಇನ್ನೂ ಚೆನ್ನಾಗಿಲ್ಲ’ ಎಂದರು.

ಅವರ ಮಾತು ಸುಳ್ಳಲ್ಲ. ಹಳೆಯ ವಿದ್ಯಾರ್ಥಿಗಳ ಪತ್ರಕ್ಕೆ ಪ್ರತಿವರ್ಷ ಹಣ ಬರುವುದಿಲ್ಲ. ಮಾಸ್ತರರು ಗೌರವಧನ ಒಂದು ಸಾವಿರ ಹೆಚ್ಚಿಸಿ ಎಂದು ಕೇಳಿದ್ದಾರೆ, ಕೇಳಿದ್ದು ನ್ಯಾಯ. ಅಂಧರಿಗೆ ಸರ್ಕಾರಿ ಬಸ್ಸಿನ ಪಾಸ್ ಇರುವುದರಿಂದ ಅವರ ಪ್ರಯಾಣದ ಖರ್ಚು ನಮ್ಮ ಮೇಲೆ ಬೀಳುತ್ತಿಲ್ಲ ಎಂಬುದೊಂದೇ ಸಮಾಧಾನ. ಮುಂದಿನ ಓಣಿಯ ಇನ್ನೊಂದು ಅನುದಾನಿತ ಶಾಲೆಯವರ ಜೊತೆ ಮಾತಾಡುತ್ತಿದ್ದೇನೆ: ಅವರಲ್ಲೂ ಸಂಗೀತದ ಹುದ್ದೆ ಖಾಲಿ, ಅವರಲ್ಲೂ ಪೇಟಿ ಇಲಿಗಳ ಪಾಲು. ಒಬ್ಬರೇ ಮಾಸ್ತರರು ಎರಡೂ ಕಡೆ ಎರಡೆರಡು ದಿನ ಪಾಠ ಮಾಡಿದರೆ ಅವರಿಗೊಂದು ಸಂಬಳದಂತಾಗುತ್ತದೆ. ಅವರ ಖಜಾಂಚಿಗೆ ನಾನು ಹೇಳಿದ್ದು ಒಂದೇ, ಮೊದಲು ನಿಮ್ಮ ಗ್ಯಾದರಿಂಗ್ ವೋಚರುಗಳನ್ನು ತೆಗೆಯಿರಿ. ಅವರು ಇನ್ನೂ ತೆಗೆದಿಲ್ಲ. ಏಪ್ರಿಲ್ ಸಭೆಗೆ ನಾನು ಎರಡು ಪಟ್ಟಿ ತಯಾರಿಸಿದ್ದೇನೆ, ಅವರು ಒಪ್ಪಿದರೆ ಒಂದು, ಒಪ್ಪದಿದ್ದರೆ ಇನ್ನೊಂದು. ಸಂಗೀತದ ಸಾಲು ಎರಡರಲ್ಲೂ ಇದೆ. ಎರಡನೆಯದರಲ್ಲಿ ಹಂಚಿನ ದುರಸ್ತಿ ಒಂದು ವರ್ಷ ಮುಂದಕ್ಕೆ ಹೋಗಿದೆ.